ಹೆಪ್ಪುಗಟ್ಟುವ ಕೆರೆಯ ದಂಡೆಯಲ್ಲಿ ಒಂದು ಚಳಿಗಾಲ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಡಿಕೆ ತೋಟ. ಮಗಳು–ಅಳಿಯ ಅಮೆರಿಕದ ಮಿನ್ನೆಸೋಟದಲ್ಲಿ, ಡುಲೂತ್ ನಗರದಿಂದ ಸ್ವಲ್ಪ ಉತ್ತರಕ್ಕೆ, ಸಣ್ಣ ಕೆರೆಯೊಂದರ ದಂಡೆಯಲ್ಲಿ ಮನೆ ತೆಗೆದುಕೊಂಡಿದ್ದಾರೆ. ನಾವು ಗಂಡ ಹೆಂಡತಿ ನವೆಂಬರ್ ಮೊದಲ ವಾರ ಹೋಗಿ ಏಪ್ರಿಲ್ ಕೊನೆಗೆ ಮರಳುವವರು. ಕೆರೆ ಪೂರ್ತಿ ಮಂಜುಗಡ್ಡೆಯಾಗುತ್ತದಂತೆ, ಜನ ಅದರ ಮೇಲೆ ಓಡಾಡುತ್ತಾರಂತೆ. ತಳದವರೆಗೂ ಗಟ್ಟಿಯಾಗುತ್ತದೆಯೇ? ಮೀನುಗಳ ಗತಿಯೇನು? ಏಳು ವರ್ಷದ ಮೊಮ್ಮಗನ ಕೈಹಿಡಿದು ಅದರ ಮೇಲೆ ನಡೆಯಬಹುದೆಂದು ತಿಳಿಯುವುದು ಹೇಗೆ? ಮನೆಯಲ್ಲಿ ದಿನವೂ ಮಳೆ ಅಳೆದು ಬರೆದಿಡುವ ಅಭ್ಯಾಸ ನನಗಿದೆ. ಅಲ್ಲಿ ಏನನ್ನು ಹೇಗೆ ಬರೆಯಬಹುದು?

ಉತ್ತರ: ಅಲ್ಲಿ ಗಾಳಿಯ ಲೆಕ್ಕ ಬೇರೆ, ನೀರಿನ ಲೆಕ್ಕ ಬೇರೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ನೀವು ಇಳಿಯುವ ಹೊತ್ತಿಗೆ ರಾತ್ರಿಯ ಉಷ್ಣತೆ ಸೊನ್ನೆಗಿಂತ ಕೆಳಗೆ ಹೋಗಿರುತ್ತದೆ, ಆದರೂ ಕೆರೆ ತೆರೆದೇ ಇರುತ್ತದೆ. ಏಪ್ರಿಲಿನಲ್ಲಿ ನೀವು ಸ್ವೆಟರ್ ಬಿಚ್ಚಿ ಅಂಗಳದಲ್ಲಿ ಕುಳಿತಿರುವಾಗ ಎದುರಿಗೆ ಇನ್ನೂ ಅರ್ಧ ಮೀಟರ್ ಗಡ್ಡೆ ಉಳಿದಿರಬಹುದು. ಕೆರೆ ಯಾವಾಗಲೂ ಗಾಳಿಗಿಂತ ಹಿಂದೆ ನಡೆಯುತ್ತದೆ. ಗಾಳಿಯನ್ನು ನೋಡಿ ಕೆರೆಯನ್ನು ಅಂದಾಜು ಮಾಡುವವರಿಗೇ ಅಲ್ಲಿ ಅಪಾಯ ಹೆಚ್ಚು.

ಕಾರಣ ನೀರಿನ ಒಂದು ಗುಣದಲ್ಲಿದೆ. ನೀರು ಅತಿ ಭಾರವಾಗಿರುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ಬಿಸಿಯಾದರೂ ಹಗುರ, ತಣ್ಣಗಾದರೂ ಹಗುರ. ನಮ್ಮೂರಿನ ಮದಕದಲ್ಲಿ ರಾತ್ರಿ ತಣಿದ ಮೇಲ್ನೀರು ಕೆಳಗಿಳಿಯುತ್ತದೆ, ಕಥೆ ಅಲ್ಲಿಗೇ ನಿಲ್ಲುತ್ತದೆ. ಉತ್ತರದ ಕೆರೆಯಲ್ಲಿ ಈ ಇಳಿಯುವ ಕೆಲಸ ಸೆಪ್ಟೆಂಬರಿನಿಂದ ತಿಂಗಳುಗಟ್ಟಲೆ ನಡೆಯುತ್ತದೆ. ಬೇಸಿಗೆಯಲ್ಲಿ ಮೇಲೆ ಇಪ್ಪತ್ತು ಡಿಗ್ರಿ ದಾಟಿದ ಬೆಚ್ಚಗಿನ ಪದರ, ಕೆಳಗೆ ತಣ್ಣನೆಯ ಪದರ, ಎರಡೂ ಬೆರೆಯದೆ ಇರುತ್ತವೆ. ಶರತ್ಕಾಲದಲ್ಲಿ ಮೇಲಿನದು ತಣಿದು ತಣಿದು ಕೆಳಗಿನದಕ್ಕೆ ಸಮನಾದಾಗ, ಗಾಳಿ ಬೀಸಿದಂತೆ ಇಡೀ ಕೆರೆ ತಳದಿಂದ ಮೇಲಿನವರೆಗೆ ಮಗುಚುತ್ತದೆ. ತಳದಲ್ಲಿ ಕೊಳೆತದ್ದರ ವಾಸನೆ ಒಂದೆರಡು ದಿನ ದಂಡೆಗೂ ಬರುವುದುಂಟು, ನೀರು ಕಲಕಿದಂತೆ ಕಾಣುತ್ತದೆ. ಹೆದರಬೇಡಿ, ಚಳಿಗಾಲಕ್ಕೆ ಬೇಕಾದ ಆಮ್ಲಜನಕ ತಳಕ್ಕೆ ಇಳಿಯುವುದೇ ಆಗ.

ಇಡೀ ಕೆರೆ 4 ಡಿಗ್ರಿಗೆ ಬಂದ ಮೇಲೆ ಆಟ ಬದಲಾಗುತ್ತದೆ. ಇನ್ನು ತಣಿದ ನೀರು ಹಗುರ, ಹಾಗಾಗಿ ಅದು ಮೇಲೆಯೇ ನಿಲ್ಲುತ್ತದೆ. ಆ ತೆಳು ಪದರ ಸೊನ್ನೆಗೆ ಬರಲು ಗಾಳಿಯಿಲ್ಲದ, ನಕ್ಷತ್ರ ಕಾಣುವ, ಕಡು ಚಳಿಯ ಒಂದು ರಾತ್ರಿ ಸಾಕು. ಡುಲೂತ್ ಸುತ್ತಿನ ಸಣ್ಣ ಕೆರೆಗಳಲ್ಲಿ ಇದು ಸಾಮಾನ್ಯವಾಗಿ ನವೆಂಬರ್ ನಡುವಿನಿಂದ ಕೊನೆಯೊಳಗೆ ಆಗುತ್ತದೆ, ಕೆಲವು ವರ್ಷ ಡಿಸೆಂಬರಿಗೂ ಹೋಗುತ್ತದೆ. ಕೊಲ್ಲಿಗಳು, ಆಳ ಕಡಿಮೆಯಿರುವ ಅಂಚುಗಳು ಮೊದಲು ಕಟ್ಟುತ್ತವೆ, ಆಳದ ನಡುಭಾಗ ಕೊನೆಗೆ. ಒಮ್ಮೆ ಕಟ್ಟಿದ್ದು ಮರುದಿನದ ಗಾಳಿಗೆ ಒಡೆದು ಮತ್ತೆ ಕಟ್ಟುವುದೂ ಇದೆ. ನೀವು ಹೋಗುವ ಸಮಯ ತುಂಬ ಒಳ್ಳೆಯದು, ಈ ರಾತ್ರಿ ನಿಮ್ಮ ಕಣ್ಣೆದುರೇ ಬರುತ್ತದೆ.

ತಳದವರೆಗೆ ಗಟ್ಟಿಯಾಗುತ್ತದೆಯೇ ಎಂದರೆ, ಒಂದು ಮೀಟರೂ ಆಳವಿಲ್ಲದ ಹೊಂಡವನ್ನು ಬಿಟ್ಟರೆ, ಇಲ್ಲ. ಗಡ್ಡೆ ನೀರಿಗಿಂತ ಹಗುರ, ಮೇಲೆ ತೇಲುತ್ತದೆ, ಮತ್ತು ತೇಲುತ್ತಲೇ ಕೆಳಗಿನ ನೀರಿಗೆ ಹೊದಿಕೆಯಾಗುತ್ತದೆ. ಹೊಸ ಗಡ್ಡೆ ಹುಟ್ಟುವುದು ಅದರ ಅಡಿಭಾಗದಲ್ಲಿ. ಅಲ್ಲಿಯ ಶಾಖ ಈಗಾಗಲೇ ಇರುವ ಗಡ್ಡೆಯನ್ನು ದಾಟಿ ಮೇಲಿನ ಗಾಳಿಗೆ ಹೋಗಬೇಕು. ಒಂದು ಕಿಲೋ ನೀರು ಸೊನ್ನೆ ಡಿಗ್ರಿಯಲ್ಲಿ ಗಡ್ಡೆಯಾಗಲು ಬಿಟ್ಟುಕೊಡಬೇಕಾದ ಶಾಖ 334 ಕಿಲೋಜೂಲ್, ಅದೇ ನೀರನ್ನು 80 ಡಿಗ್ರಿಯಿಂದ ಸೊನ್ನೆಗೆ ತಣಿಸಿದಷ್ಟು. ಹಾಗಾಗಿ ದಪ್ಪವಾದಷ್ಟೂ ಬೆಳವಣಿಗೆ ನಿಧಾನ. ಎರಡು ಪಟ್ಟು ದಪ್ಪಕ್ಕೆ ಸುಮಾರು ನಾಲ್ಕು ಪಟ್ಟು ಚಳಿ ಬೇಕು. ಮೊದಲ ಹತ್ತು ಸೆಂಟಿಮೀಟರ್ ಒಂದು ವಾರದ ಕಡು ಚಳಿಯಲ್ಲಿ ಆಗಿಬಿಡಬಹುದು, ಫೆಬ್ರವರಿಯ ಹತ್ತು ಸೆಂಟಿಮೀಟರಿಗೆ ವಾರಗಳು ಹಿಡಿಯುತ್ತವೆ. ಅದರ ಮೇಲೆ ಹಿಮ ಬಿದ್ದರೆ ಇನ್ನೂ ನಿಧಾನ. ಹಿಮದೊಳಗೆ ಸಿಕ್ಕಿಕೊಂಡ ಗಾಳಿ ಶಾಖವನ್ನು ದಾಟಲು ಬಿಡುವುದಿಲ್ಲ. ಚಳಿಗಾಲದ ಕೊನೆಗೆ ಆ ಭಾಗದ ಕೆರೆಗಳಲ್ಲಿ 60ರಿಂದ 90 ಸೆಂಟಿಮೀಟರ್ ಗಡ್ಡೆ ಇರುವುದು ವಾಡಿಕೆ. ಅದರ ಕೆಳಗೆ, ಹೊರಗೆ ಮೈನಸ್ 30 ಇದ್ದ ದಿನವೂ, ತಳದ ನೀರು ಮೂರು ನಾಲ್ಕು ಡಿಗ್ರಿಯಲ್ಲೇ ಇರುತ್ತದೆ.

ಮೀನುಗಳು ಆ ನೀರಿನಲ್ಲಿ ನಿಧಾನವಾಗಿ ಬದುಕುತ್ತವೆ. ವಾಲ್‌ಐ, ನಾರ್ದರ್ನ್ ಪೈಕ್ ಮೀನುಗಳು ಚಳಿಗಾಲವಿಡೀ ಬೇಟೆಯಾಡುತ್ತವೆ, ಅದಕ್ಕೇ ಜನ ಗಡ್ಡೆಯಲ್ಲಿ ತೂತು ಕೊರೆದು ಗಾಳ ಹಾಕುತ್ತಾರೆ. ಅವುಗಳಿಗೆ ಶತ್ರು ಚಳಿಯಲ್ಲ, ಉಸಿರು. ಗಡ್ಡೆ ಮುಚ್ಚಿದ ಮೇಲೆ ಗಾಳಿಯಿಂದ ಆಮ್ಲಜನಕ ಬರುವುದು ನಿಲ್ಲುತ್ತದೆ. ತಿಳಿಗಡ್ಡೆಯ ಮೂಲಕ ಬೆಳಕು ಹೋದರೆ ನೀರಿನ ಸಸ್ಯಗಳು ಒಂದಿಷ್ಟು ಮಾಡಿಕೊಡುತ್ತವೆ, ದಪ್ಪ ಹಿಮ ಬಿದ್ದರೆ ಅದೂ ಇಲ್ಲ. ತಳದಲ್ಲಿ ಎಲೆ, ಪಾಚಿ ಕೊಳೆಯುತ್ತ ಇರುವಷ್ಟನ್ನು ಖರ್ಚು ಮಾಡುತ್ತಿರುತ್ತವೆ. ಆಳವಿಲ್ಲದ, ಕೆಸರು ತುಂಬಿದ ಕೆರೆಗಳಲ್ಲಿ ಹಿಮ ಹೆಚ್ಚಾದ ವರ್ಷ ಮಾರ್ಚ್ ಹೊತ್ತಿಗೆ ಮೀನುಗಳು ರಾಶಿಯಾಗಿ ಸಾಯುವುದುಂಟು. ಗಡ್ಡೆ ಕರಗಿದ ಮೇಲೆ ಅವು ದಂಡೆಗೆ ಬರುತ್ತವೆ. ಹಾಗೆ ಕಂಡರೆ ಯಾರೋ ವಿಷ ಹಾಕಿದರೆಂದು ಗಾಬರಿಯಾಗಬೇಡಿ. ನಿಮ್ಮ ಅಳಿಯನ ಕೆರೆಯ ಆಳ ಎಷ್ಟೆಂದು ಮೊದಲೇ ಕೇಳಿಟ್ಟುಕೊಳ್ಳಿ, ಆರೇಳು ಮೀಟರ್ ಇದ್ದರೆ ಈ ಭಯ ಕಡಿಮೆ.

ಮೀನಿಗಿಂತ ಸೋಜಿಗದ್ದು ಅಲ್ಲಿಯ ಬಣ್ಣದ ಆಮೆ. ಅದು ಕೆರೆಯ ತಳದ ಕೆಸರಿನಲ್ಲಿ, ಉಸಿರಾಡದೆ, ಆಮ್ಲಜನಕವೇ ಇಲ್ಲದ ನೀರಿನಲ್ಲಿ ಮೂರು ತಿಂಗಳಿಗೂ ಹೆಚ್ಚು ಬದುಕಬಲ್ಲದು. ಮೈಯಲ್ಲಿ ಕೂಡುವ ಆಮ್ಲವನ್ನು ತನ್ನ ಚಿಪ್ಪಿನ ಸುಣ್ಣದಂಶದಿಂದ ತಣಿಸಿಕೊಳ್ಳುತ್ತದೆ. ದಂಡೆಯ ಕಾಡಿನ ತರಗೆಲೆಯ ಕೆಳಗೆ ಮಲಗುವ ವುಡ್ ಫ್ರಾಗ್ ಎಂಬ ಕಾಡುಗಪ್ಪೆಯ ದಾರಿಯೇ ಬೇರೆ: ಅದರ ಮೈಯ ನೀರಿನ ಅರ್ಧಕ್ಕಿಂತ ಹೆಚ್ಚು ಗಡ್ಡೆಗಟ್ಟುತ್ತದೆ, ಹೃದಯ ನಿಲ್ಲುತ್ತದೆ. ಜೀವಕೋಶಗಳಲ್ಲಿ ತುಂಬಿಕೊಂಡ ಸಕ್ಕರೆ ಅವುಗಳನ್ನು ಕಾಪಾಡುತ್ತದೆ. ವಸಂತದಲ್ಲಿ ಕರಗಿ, ಮತ್ತೆ ಮಿಡಿದು, ಕೂಗಲು ಹೊರಡುತ್ತದೆ. ಮೊಮ್ಮಗನಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇಕಿಲ್ಲ, ಮತ್ತು ಇದು ಅಕ್ಷರಶಃ ನಿಜ.

ಈಗ ನಡೆಯುವ ವಿಷಯ. ಇಲ್ಲಿ ನಾನು ಸ್ವಲ್ಪ ಕಠಿಣವಾಗಿಯೇ ಹೇಳುತ್ತೇನೆ, ಏಕೆಂದರೆ ಜೊತೆಗೆ ಮಗು ಇದೆ.

ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ನಡೆಯುವವರಿಗೆ ಹೇಳುವ ಕನಿಷ್ಠ ದಪ್ಪ 4 ಇಂಚು, ಅಂದರೆ 10 ಸೆಂಟಿಮೀಟರ್. ಅದೂ ಹೊಸ, ತಿಳಿಯಾದ, ಗಟ್ಟಿ ಗಡ್ಡೆಗೆ ಮಾತ್ರ. ಕೆಳಗಿನ ನೀರು ಕಪ್ಪಾಗಿ ಕಾಣುವ ಪಾರದರ್ಶಕ ಗಡ್ಡೆ ಬಲವಾದದ್ದು. ಹಾಲಿನಂತೆ ಬೆಳ್ಳಗಿರುವುದು ಹಿಮ ನೀರಿನಲ್ಲಿ ನೆನೆದು ಹೆಪ್ಪುಗಟ್ಟಿದ್ದು, ಒಳಗೆಲ್ಲ ಗಾಳಿಗುಳ್ಳೆ, ಬಲ ಸುಮಾರು ಅರ್ಧ. ಅದಕ್ಕೆ ದಪ್ಪ ಎರಡು ಪಟ್ಟು ಬೇಕು. ಹತ್ತು ಸೆಂಟಿಮೀಟರ್ ಎನ್ನುವುದು ಒಂದು ಜಾಗದ ಮಾತು, ಇಡೀ ಕೆರೆಯದ್ದಲ್ಲ. ಇಲ್ಲಿ ಇಪ್ಪತ್ತು ಇದ್ದರೆ ಹತ್ತು ಮಾರು ಆಚೆ ಐದು ಇರಬಹುದು. ತೊರೆ ಒಳಬರುವ ಮತ್ತು ಹೊರಹೋಗುವ ಬಾಯಿ, ತಳದಲ್ಲಿ ಒರತೆ ಇರುವ ಜಾಗ, ಸೇತುವೆಯ ಕೆಳಗೆ, ಎರಡು ಭಾಗಗಳ ನಡುವಿನ ಇಕ್ಕಟ್ಟು, ಜೊಂಡುಹುಲ್ಲಿನ ಅಂಚು, ಬೀವರ್‌ಗಳ ಗೂಡಿನ ಸುತ್ತ, ಬಾತುಕೋಳಿಗಳ ಹಿಂಡು ಕೊನೆಯವರೆಗೂ ತೆರೆದಿಟ್ಟಿದ್ದ ಜಾಗ, ದೋಣಿಕಟ್ಟೆಯನ್ನು ಉಳಿಸಲು ಗುಳ್ಳೆ ಬಿಡುವ ಯಂತ್ರ ಇಟ್ಟ ಮನೆಗಳ ಮುಂದೆ: ಇಲ್ಲೆಲ್ಲ ಜನವರಿಯಲ್ಲೂ ಗಡ್ಡೆ ತೆಳುವಾಗಿರುತ್ತದೆ. ನಕಾಶೆಯೊಂದರಲ್ಲಿ ಅಳಿಯನ ಹತ್ತಿರ ಇವನ್ನು ಗುರುತು ಮಾಡಿಸಿಕೊಳ್ಳಿ, ಕೆರೆ ತೆರೆದಿರುವಾಗಲೇ. ಹಿಮ ಮುಚ್ಚಿದ ಮೇಲೆ ಎಲ್ಲವೂ ಒಂದೇ ಬಯಲು.

ಅಳೆಯುವ ಕ್ರಮ ಹೀಗೆ. ಐಸ್ ಚಿಸೆಲ್ ಎನ್ನುವ, ನಮ್ಮ ಹಾರೆಯ ಹಾಗಿನ ಉದ್ದ ಕಬ್ಬಿಣ ಸಿಗುತ್ತದೆ. ಹೆಜ್ಜೆಯಿಡುವ ಮೊದಲು ಎದುರಿಗೆ ಬಲವಾಗಿ ಎರಡು ಸಲ ಕುಕ್ಕಬೇಕು. ತೂರಿ ನೀರು ಬಂದರೆ ಬಂದ ದಾರಿಯಲ್ಲೇ ಹಿಂದಿರುಗಬೇಕು. ಗಡ್ಡೆ ತಡೆದುಕೊಂಡರೆ, ಕೈಯಿಂದ ತಿರುಗಿಸುವ ಆಗರ್ ಎಂಬ ಬೈರಿಗೆಯಿಂದ ತೂತು ಕೊರೆದು, ತುದಿ ಮಡಚಿದ ಅಳತೆಪಟ್ಟಿಯನ್ನು ಒಳಗಿಳಿಸಿ, ಗಡ್ಡೆಯ ಅಡಿಗೆ ಕೊಕ್ಕೆ ಸಿಕ್ಕಿಸಿ ಓದಬೇಕು. ಮೊದಲ ದಿನಗಳಲ್ಲಿ ಪ್ರತಿ ಮೂವತ್ತು ನಲವತ್ತು ಮೀಟರಿಗೊಂದು ತೂತು. ಇದನ್ನು ಅಳಿಯ ಅಥವಾ ನೆರೆಯ ಅನುಭವಿಗಳು ಮಾಡಲಿ, ನೀವು ದಂಡೆಯಲ್ಲಿ ಹಗ್ಗ ಹಿಡಿದು ನಿಲ್ಲಿ. ಮೊಮ್ಮಗನ ವಿಷಯದಲ್ಲಿ ನನ್ನ ಸಲಹೆ: ತಿಳಿಗಡ್ಡೆ 15 ಸೆಂಟಿಮೀಟರ್ ಆಗುವವರೆಗೆ ಕೆರೆಗೆ ಇಳಿಸಲೇಬೇಡಿ, ಆಮೇಲೂ ಅಳೆದ ಜಾಗದಾಚೆ ಬಿಡಬೇಡಿ, ಮೇಲಂಗಿಯ ಮೇಲೆ ಲೈಫ್ ಜಾಕೆಟ್ ಹಾಕಿಸಿ. ಹುಡುಗನಿಗೆ ಅದು ಬೆಚ್ಚಗೂ ಇರುತ್ತದೆ. ಜನವರಿಯಲ್ಲಿ ಕಾರುಗಳೇ ಕೆರೆಯ ಮೇಲೆ ಓಡುವುದನ್ನು ನೋಡುತ್ತೀರಿ. ಅವರು ಮೂವತ್ತು ಸೆಂಟಿಮೀಟರ್ ದಪ್ಪ ಅಳೆದು ಹೋದವರೋ ಸುಮ್ಮನೆ ನುಗ್ಗಿದವರೋ ನಿಮಗೆ ತಿಳಿಯದು, ಆ ಚಕ್ರದ ಗುರುತು ನಂಬಿ ಹಿಂಬಾಲಿಸಬೇಡಿ.

ನಡೆಯುವ ಪ್ರತಿಯೊಬ್ಬರ ಕೊರಳಲ್ಲೂ ಐಸ್ ಪಿಕ್ ಇರಲಿ, ಅಂದರೆ ಹಗ್ಗದಿಂದ ಜೋಡಿಸಿದ, ಮೊಳೆ ತುದಿಯ ಎರಡು ಹಿಡಿಗಳು. ಒಂದು ವೇಳೆ ಗಡ್ಡೆ ಒಡೆದರೆ ಏನಾಗುತ್ತದೆಂಬುದನ್ನು ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಒಂದು–ಹತ್ತು–ಒಂದು ಎಂಬ ಲೆಕ್ಕದಲ್ಲಿ ಜನರಿಗೆ ತಿಳಿಸಿದ್ದಾರೆ. ಮೊದಲ ಒಂದು ನಿಮಿಷ ಉಸಿರು ಏದುಸಿರಾಗಿ ಕೈತಪ್ಪುತ್ತದೆ, ಆಗ ಮಾಡಬೇಕಾದದ್ದು ಬಾಯಿ ನೀರಿನ ಮೇಲಿಟ್ಟು ಉಸಿರು ಹತೋಟಿಗೆ ತರುವುದಷ್ಟೇ. ಆಮೇಲೆ ಸುಮಾರು ಹತ್ತು ನಿಮಿಷ ಕೈಕಾಲು ಹೇಳಿದಂತೆ ಕೇಳುತ್ತವೆ. ಚಳಿಯಿಂದ ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಅಂದರೆ ಹೊರಬರಲು ಸಮಯವಿದೆ, ಗಾಬರಿಗೆ ಸಮಯವಿಲ್ಲ. ಬಂದ ದಿಕ್ಕಿಗೆ ತಿರುಗಬೇಕು, ಏಕೆಂದರೆ ಆ ಕಡೆಯ ಗಡ್ಡೆ ನಿಮ್ಮನ್ನು ಅಲ್ಲಿಯವರೆಗೆ ಹೊತ್ತಿತ್ತು. ಪಿಕ್‌ಗಳನ್ನು ಗಡ್ಡೆಗೆ ಚುಚ್ಚಿ, ಕಾಲನ್ನು ಈಜುವಂತೆ ಬಡಿಯುತ್ತ, ಹೊಟ್ಟೆಯ ಮೇಲೆ ಜಾರಿ ಹತ್ತಬೇಕು. ಹತ್ತಿದ ಮೇಲೆ ಎದ್ದು ನಿಲ್ಲದೆ ಉರುಳಿಕೊಂಡು ದಡದ ಕಡೆ ಬರಬೇಕು. ಹೊರಗಿರುವವರು ಓಡಿ ಹತ್ತಿರ ಹೋಗಲೇಬಾರದು. ಅಲ್ಲಿಯ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ, ದೂರದಿಂದ ಹಗ್ಗವನ್ನೋ ಏಣಿಯನ್ನೋ ಚಾಚಬೇಕು. ಮಗು ಬಿದ್ದಾಗ ಅಜ್ಜ ಓಡುವುದು ಸಹಜ. ಅದಕ್ಕೇ ಈ ಮಾತನ್ನು ಮನೆಯಲ್ಲಿ ಎಲ್ಲರೂ ಕುಳಿತು ಮೊದಲೇ ಆಡಿಕೊಂಡಿರಬೇಕು.

ಇನ್ನು ಕೆರೆಯ ಸದ್ದು. ಡಿಸೆಂಬರಿನ ಮೊದಲ ಕಡುಚಳಿಯ ಸಂಜೆಗಳಲ್ಲಿ ಗಡ್ಡೆ ಗುಡುಗುತ್ತದೆ, ಸಿಳ್ಳೆ ಹಾಕುತ್ತದೆ, ದೂರದಿಂದ ದೂರಕ್ಕೆ ಸೀಳಿಕೊಂಡು ಹೋದಂತೆ ಕೇಳಿಸುತ್ತದೆ. ಉಷ್ಣತೆ ಏರಿಳಿದಾಗ ಗಡ್ಡೆ ಹಿಗ್ಗುವುದು, ಕುಗ್ಗುವುದು ಇದಕ್ಕೆ ಕಾರಣ. ಗುಡುಗುವ ಗಡ್ಡೆ ದುರ್ಬಲವೆಂದಲ್ಲ, ಮೌನವಾಗಿರುವುದು ಭದ್ರವೆಂದೂ ಅಲ್ಲ. ಹಿಗ್ಗಿದ ಗಡ್ಡೆ ದಂಡೆಯ ಮಣ್ಣನ್ನು ದಬ್ಬಿ ಸಣ್ಣ ಕಟ್ಟೆಯನ್ನೇ ಕಟ್ಟುತ್ತದೆ, ನೀರಿನಲ್ಲಿ ಬಿಟ್ಟ ದೋಣಿಕಟ್ಟೆಯ ಕಾಲುಗಳನ್ನು ಕಿತ್ತು ಹಾಕುತ್ತದೆ. ಅದಕ್ಕೇ ಅಲ್ಲಿಯವರು ಅಕ್ಟೋಬರಿನಲ್ಲೇ ಕಟ್ಟೆಗಳನ್ನು ಬಿಚ್ಚಿ ದಡಕ್ಕೆ ಎಳೆದಿಡುತ್ತಾರೆ. ಹಿಮ ತುಂಬ ಬಿದ್ದಾಗ ಅದರ ಭಾರಕ್ಕೆ ಗಡ್ಡೆ ತಗ್ಗಿ, ಬಿರುಕಿನಿಂದ ನೀರು ಮೇಲೆ ಬಂದು, ಹಿಮದಡಿ ಕೆಸರಿನಂತೆ ನಿಲ್ಲುತ್ತದೆ. ಗಡ್ಡೆ ಒಡೆದಿಲ್ಲದಿದ್ದರೂ ಬೂಟು ಒದ್ದೆಯಾಗುತ್ತದೆ, ಮೈನಸ್ ಇಪ್ಪತ್ತರಲ್ಲಿ ಒದ್ದೆ ಕಾಲು ಸಣ್ಣ ವಿಷಯವಲ್ಲ.

ಬಟ್ಟೆಬರೆ ಮಗಳು ನೋಡಿಕೊಳ್ಳುತ್ತಾಳೆ, ನಾನು ಕೆಲವನ್ನಷ್ಟೇ ಹೇಳುತ್ತೇನೆ. ಮೈಗೆ ತಾಗುವ ಬಟ್ಟೆ ಹತ್ತಿಯದ್ದಾಗಬಾರದು, ಬೆವರು ಹಿಡಿದಿಟ್ಟು ತಣ್ಣಗಾಗಿಸುತ್ತದೆ. ಉಣ್ಣೆ ಒಳ್ಳೆಯದು. ಮೈನಸ್ 20 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಇದ್ದರೆ ಬರಿ ಚರ್ಮಕ್ಕೆ ಅದು ಮೈನಸ್ 33ರಷ್ಟು. ಕೆರೆಯ ಬಯಲಿನಲ್ಲಿ ಗಾಳಿಗೆ ತಡೆಯೇ ಇಲ್ಲ, ಹತ್ತರಿಂದ ಮೂವತ್ತು ನಿಮಿಷದಲ್ಲಿ ಮೂಗು ಕಿವಿ ಮರಗಟ್ಟಬಹುದು. ಬೂಟಿನಡಿ ಕಟ್ಟುವ ಮುಳ್ಳುಪಟ್ಟಿ ತಪ್ಪದೆ ಹಾಕಿ, ನಿಮ್ಮ ವಯಸ್ಸಿನವರಿಗೆ ಗಡ್ಡೆ ಒಡೆಯುವುದಕ್ಕಿಂತ ಅಂಗಳದಲ್ಲಿ ಜಾರಿ ಬೀಳುವ ಅಪಾಯವೇ ದೊಡ್ಡದು. ಹಿಮ ಗೋರುವ ಕೆಲಸಕ್ಕೆ ಕೈ ಹಾಕಬೇಡಿ, ಚಳಿಯಲ್ಲಿ ಆ ದುಡಿಮೆ ಹೃದಯಕ್ಕೆ ದುಬಾರಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಗಟ್ಟಿಯಾಗುವುದರಿಂದ ಮನೆಯೊಳಗೂ ಆರು ತಿಂಗಳು ಅದು ಬೆಣ್ಣೆಯಾಗಿಯೇ ಇರುತ್ತದೆ. ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. ಡಿಸೆಂಬರ್ ಕೊನೆಯ ಹಗಲು ಎಂಟೂವರೆ ಗಂಟೆ ಮಾತ್ರ, ಸಂಜೆ ನಾಲ್ಕೂವರೆಯ ಮೊದಲೇ ಸೂರ್ಯ ಮುಳುಗುತ್ತಾನೆ. ವರ್ಷವಿಡೀ ಹೆಚ್ಚುಕಡಿಮೆ ಹನ್ನೆರಡು ಗಂಟೆ ಹಗಲು ಕಂಡ ನಮಗೆ ಇದು ಮನಸ್ಸಿಗೆ ಭಾರವಾಗುತ್ತದೆ. ಮಧ್ಯಾಹ್ನ ಒಂದು ಗಂಟೆ ಹೊರಗೆ ಇರುವುದನ್ನು ಔಷಧಿಯ ಹಾಗೆ ಪಾಲಿಸಿ.

ಡುಲೂತ್ ಇರುವುದು ಸುಪೀರಿಯರ್ ಸರೋವರದ ಪಶ್ಚಿಮ ತುದಿಯಲ್ಲಿ. 82,000 ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರ, ಇಡೀ ಕೇರಳದ ಎರಡು ಪಟ್ಟಿಗಿಂತ ದೊಡ್ಡದು, ಅತಿ ಆಳ 406 ಮೀಟರ್. ಇಷ್ಟು ನೀರು ತಣಿಯಲು ಚಳಿಗಾಲವೇ ಸಾಲದು, ಅದು ಪೂರ್ತಿ ಕಟ್ಟುವುದು ಅಪರೂಪ. ನಿಮ್ಮ ಸಣ್ಣ ಕೆರೆ ಬಂಡೆಯಂತಾಗಿರುವಾಗ ಅಲ್ಲಿ ಅಲೆ ಏಳುತ್ತಿರುತ್ತದೆ, ಕಡುಚಳಿಯ ಬೆಳಗ್ಗೆ ನೀರಿನಿಂದ ಹಬೆ ಎದ್ದು ಗೋಡೆಯಂತೆ ನಿಲ್ಲುತ್ತದೆ. ನವೆಂಬರ್ ಅದರ ಬಿರುಗಾಳಿಯ ತಿಂಗಳು. 1975ರ ನವೆಂಬರ್ 10ರಂದು ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಎಂಬ ಅದಿರು ಹಡಗು 29 ಜನರೊಂದಿಗೆ ಮುಳುಗಿದ್ದು ಅಲ್ಲಿಯೇ. ವಸಂತದಲ್ಲಿ ಇದೇ ಸರೋವರ ದಂಡೆಯನ್ನು ತಣ್ಣಗಿಡುತ್ತದೆ: ಪೂರ್ವದ ಗಾಳಿ ಬೀಸಿದ ದಿನ ನಗರದ ಕೆಳಭಾಗ ಗುಡ್ಡದ ಮೇಲಿಗಿಂತ ಹತ್ತು ಡಿಗ್ರಿ ಕಡಿಮೆ ಇರಬಹುದು. ಕಾಸರಗೋಡಿನ ಮಧ್ಯಾಹ್ನದ ಕಡಲಗಾಳಿಯ ತತ್ತ್ವವೇ ಇದು, ಆದರೆ ಅಲ್ಲಿಯ ನೀರು ನಮ್ಮ ಕಡಲಿನ ಹಾಗೆ 28 ಡಿಗ್ರಿ ಅಲ್ಲ, ನಾಲ್ಕು.

ಅಳೆದು ಬರೆದಿಡುವ ಪುಸ್ತಕದ ವಿಷಯಕ್ಕೆ ಬರೋಣ. ಈ ಅಭ್ಯಾಸ ಬಿಡಬೇಡಿ. ಜಪಾನಿನ ಸುವಾ ಕೆರೆ ಕಟ್ಟಿದ ದಿನವನ್ನು ಅಲ್ಲಿಯ ದೇವಸ್ಥಾನದ ಅರ್ಚಕರು 1443ರಿಂದ ಬರೆದಿಟ್ಟರು. ಹವಾಮಾನ ಬದಲಾವಣೆಯ ಅಧ್ಯಯನಕ್ಕೆ ಇಂದು ಅದು ಅಮೂಲ್ಯ ದಾಖಲೆ. ಮಿನ್ನೆಸೋಟದಲ್ಲೇ ಮಿನೆಟೊಂಕ ಕೆರೆಯ ಗಡ್ಡೆ ಬಿಟ್ಟ, ಅಂದರೆ ಕರಗಿ ನೀರು ತೆರೆದುಕೊಂಡ, ದಿನಗಳು 1855ರಿಂದ ಸಿಗುತ್ತವೆ.

ಹಿಮ ಅಳೆಯಲು 40 ಸೆಂಟಿಮೀಟರ್ ಚೌಕದ ಪ್ಲೈವುಡ್ ಹಲಗೆಗೆ ಬಿಳಿ ಬಣ್ಣ ಹಚ್ಚಿ, ಮರ, ಮಾಡು ದೂರವಿರುವ ಕಡೆ ನೆಲದಲ್ಲಿಡಿ. ದಿನವೂ ಒಂದೇ ಹೊತ್ತಿಗೆ ಹೊಸ ಹಿಮದ ಎತ್ತರ ಓದಿ, ಹಲಗೆ ಒರೆಸಿ, ಹಿಮದ ಮಟ್ಟಕ್ಕೆ ಮತ್ತೆ ಮೇಲಿಡಿ. ಅಮೆರಿಕದ ಸ್ವಯಂಸೇವಕ ಮಳೆ ಅಳೆಯುವವರ ಬಳಗ ಕೊಕೊರಾಸ್, 1998ರಲ್ಲಿ ಕೊಲರಾಡೊದಲ್ಲಿ ಹುಟ್ಟಿದ್ದು. ಅವರು ಬೆಳಗ್ಗೆ ಏಳಕ್ಕೆ ಓದುತ್ತಾರೆ, ಹೊಂದಿಸಿಕೊಳ್ಳಿ. ಅವರ ನಾಲ್ಕಿಂಚಿನ ಮಾಪಕವನ್ನೇ ಅಲ್ಲಿ ಕೊಳ್ಳಿ, ಊರಿನದು ಬೇಡ. ಚಳಿಗಾಲದಲ್ಲಿ ಅದರ ಆಲಿಕೆ ಮತ್ತು ಒಳಗಿನ ಕೊಳವೆ ತೆಗೆದಿಡಬೇಕು, ಇಲ್ಲದಿದ್ದರೆ ಆಲಿಕೆ ಹಿಮದಿಂದ ಮುಚ್ಚಿಹೋಗುತ್ತದೆ, ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿ ಬಿರಿಯುತ್ತದೆ. ಹೊರ ಪಾತ್ರೆಯಲ್ಲಿ ಬಿದ್ದ ಹಿಮವನ್ನು ಒಳಗೆ ತನ್ನಿ. ಕೊಳವೆಯಲ್ಲಿ 15 ಮಿ.ಮೀ. ಬೆಚ್ಚಗಿನ ನೀರು ಅಳೆದು ಅದಕ್ಕೆ ಸುರಿಯಿರಿ. ಕರಗಿದ ಮೇಲೆ ಎಲ್ಲವನ್ನೂ ಕೊಳವೆಗೆ ಹಾಕಿ ಓದಿದಾಗ 22 ಬಂದರೆ, ಆ ದಿನದ ಲೆಕ್ಕ 7 ಮಿ.ಮೀ. ಸಾಧಾರಣವಾಗಿ ಹತ್ತು ಸೆಂಟಿಮೀಟರ್ ಹಿಮಕ್ಕೆ ಒಂದು ಸೆಂಟಿಮೀಟರ್ ನೀರು. ಕಡುಚಳಿಯ ಪುಡಿಹಿಮವಾದರೆ ಇಪ್ಪತ್ತಕ್ಕೆ ಒಂದು, ಮಾರ್ಚಿನ ಒದ್ದೆ ಹಿಮವಾದರೆ ಐದಾರಕ್ಕೇ ಒಂದು. ವರ್ಷಕ್ಕೆ 3,500 ಮಿ.ಮೀ. ಮಳೆಯ ನಾಡಿನಿಂದ ಹೋದ ನಿಮಗೆ ಅಲ್ಲಿಯ ಇಡೀ ವರ್ಷದ ಮೊತ್ತ, ಹಿಮವೂ ಸೇರಿ ಸುಮಾರು 800, ನಮ್ಮ ಜುಲೈ ಒಂದಕ್ಕೇ ಸಾಲದೆಂದು ತೋರುತ್ತದೆ.

ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ಗಡ್ಡೆಯ ದಪ್ಪ ಬರೆಯಿರಿ, ತಿಳಿ ಎಷ್ಟು, ಬಿಳಿ ಎಷ್ಟು, ಮೇಲೆ ಹಿಮ ಎಷ್ಟು ಎಂದು ಬೇರೆ ಬೇರೆಯಾಗಿ. ಅದೇ ತೂತಿನಲ್ಲಿ ಉದ್ದ ತಂತಿಯ ಡಿಜಿಟಲ್ ಥರ್ಮಾಮೀಟರ್ ಇಳಿಸಿ, ಮೀಟರಿಗೊಂದು ಓದು ತೆಗೆಯಿರಿ. ಸಾದಾ ಥರ್ಮಾಮೀಟರಿಗೆ ದಾರ ಕಟ್ಟಿ ಇಳಿಸಿದರೆ ಮೇಲೆಳೆಯುವಷ್ಟರಲ್ಲಿ ಅಂಕಿ ಬದಲಾಗುತ್ತದೆ. ಗಡ್ಡೆಗೆ ತಾಗಿ ಸೊನ್ನೆ, ಇಳಿದಂತೆ ಹೆಚ್ಚು ಬೆಚ್ಚಗೆ: ನಮ್ಮ ಬಾವಿಯಲ್ಲಿ ಕಾಣದ ಈ ತಲೆಕೆಳಗಾದ ಕ್ರಮ ನಿಮ್ಮ ಕೈಯಿಂದಲೇ ಪುಸ್ತಕಕ್ಕೆ ಇಳಿಯುತ್ತದೆ.

ಜೀವಿಗಳ ಪುಟ ಬೇರೆ ಇರಲಿ. ಹೋದ ಕೂಡಲೇ ಲೂನ್ ಹಕ್ಕಿ ಹುಡುಕಿ. ದೊಡ್ಡವು ಆಗಲೇ ದಕ್ಷಿಣದ ಕಡಲತೀರಕ್ಕೆ ಹೊರಟಿರುತ್ತವೆ, ಆ ವರ್ಷದ ಮರಿಗಳು ತಡವಾಗಿ ಹೊರಡುತ್ತವೆ. ಭಾರದ ಮೈಯ ಈ ಹಕ್ಕಿ ನೀರಿನ ಮೇಲೆ ದೂರ ಓಡದೆ ಹಾರಲಾರದು, ಸುತ್ತ ಗಡ್ಡೆ ಕಟ್ಟಿದರೆ ಸಿಕ್ಕಿಬೀಳುತ್ತದೆ. ನವೆಂಬರಿನಲ್ಲಿ ಡುಲೂತಿನ ಹಾಕ್ ರಿಡ್ಜ್ ಗುಡ್ಡದ ಮೇಲೆ ಬಿಳಿತಲೆ ಹದ್ದುಗಳು ಸಾಲಾಗಿ ದಕ್ಷಿಣಕ್ಕೆ ಹೋಗುವುದನ್ನು ಒಂದು ದಿನವಾದರೂ ನೋಡಿ. ಮಾರ್ಚಿನಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ, ಹಗಲು ಮೇಲೆ ಹೋಗಲು ತೊಡಗಿದಾಗ ಮೇಪಲ್ ಮರದ ರಸ ಹರಿಯುತ್ತದೆ. ಸುಮಾರು ನಲವತ್ತು ಲೀಟರ್ ಕುದಿಸಿದರೆ ಒಂದು ಲೀಟರ್ ಪಾಕ.

ಏಪ್ರಿಲಿನ ಗಡ್ಡೆಯ ಬಗ್ಗೆ ಮತ್ತೊಮ್ಮೆ ಎಚ್ಚರಿಕೆ ಬೇಕು. ಬಿಸಿಲು ಹರಳುಗಳ ಸಂದುಗಳನ್ನು ಕರಗಿಸುವುದರಿಂದ ಗಡ್ಡೆ ನಿಂತ ಕಡ್ಡಿಗಳ ಕಟ್ಟಿನಂತಾಗುತ್ತದೆ. ಅಳತೆಯಲ್ಲಿ ನಲವತ್ತು ಸೆಂಟಿಮೀಟರ್ ಇದ್ದರೂ ಕಾಲಿಟ್ಟರೆ ಕುಸಿಯುತ್ತದೆ. ನವೆಂಬರಿನ ಹತ್ತು ಸೆಂಟಿಮೀಟರ್ ನಿಯಮ ಅಲ್ಲಿಗೆ ಹೊಂದುವುದಿಲ್ಲ. ಬಣ್ಣ ಬೂದಿಯಾಗಿ, ಅಂಚಿನಲ್ಲಿ ನೀರು ಬಿಟ್ಟ ದಿನದಿಂದ ಕೆರೆಗೆ ಇಳಿಯುವುದು ನಿಲ್ಲಿಸಿ. ಕೊನೆಗೆ ಒಂದು ಗಾಳಿಯ ದಿನ ಉಳಿದದ್ದೆಲ್ಲ ಒಂದು ದಡಕ್ಕೆ ನುಗ್ಗಿ ರಾಶಿ ಬೀಳುತ್ತದೆ, ಆ ದಡದಲ್ಲಿ ನಿಲ್ಲಬೇಡಿ. ಅದೇ ವಾರ ಲೂನ್‌ಗಳು ಮರಳುತ್ತವೆ, ತಗ್ಗಿನ ನೀರಿನಲ್ಲಿ ಕಪ್ಪೆಗಳ ಕೂಗು ಶುರುವಾಗುತ್ತದೆ. ಹಿಮ ಕರಗಿದ ಹುಲ್ಲಿನಲ್ಲಿ ಉಣ್ಣಿಗಳೂ ಏಳುತ್ತವೆ, ಅವು ಲೈಮ್ ರೋಗ ಹರಡುತ್ತವೆ. ತಿರುಗಾಡಿ ಬಂದ ಮೇಲೆ ಮೊಮ್ಮಗನ ಮೈ, ಕಿವಿಯ ಹಿಂದೆ, ಮೊಣಕಾಲಿನ ಹಿಂದೆ ನೋಡಿ.

ಗಡ್ಡೆ ಬಿಡುವ ದಿನ ನಿಮ್ಮ ಟಿಕೆಟಿನೊಳಗೆ ಬರುತ್ತದೆಂಬ ಖಾತ್ರಿಯಿಲ್ಲ. 2012ರಲ್ಲಿ ಮಿನ್ನೆಸೋಟದ ಕೆರೆಗಳು ಬಹಳ ಬೇಗ ಬಿಟ್ಟವು, ಮರುವರ್ಷ ಉತ್ತರದ ಹಲವು ಕೆರೆಗಳಲ್ಲಿ ಮೇ ನಡುವಿಗೂ ಗಡ್ಡೆ ಇತ್ತು. ಆದ್ದರಿಂದ ಯಾವುದನ್ನು ಬಿಟ್ಟ ದಿನವೆನ್ನಬೇಕೆಂದು ಹೋದಾಗಲೇ ನಿಶ್ಚಯಿಸಿ: ಮನೆಯ ಮುಂದಿನಿಂದ ಎದುರು ದಡದ ಗುರುತಿನವರೆಗೆ ದೋಣಿ ತಡೆಯಿಲ್ಲದೆ ಹೋಗಬಲ್ಲ ಮೊದಲ ದಿನ ಎಂದಿಟ್ಟುಕೊಳ್ಳಬಹುದು. ಅದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದು ಮೊಮ್ಮಗನಿಗೂ ಹೇಳಿಕೊಡಿ. ನೀವು ಮರಳಿದ ಮೇಲೆ ತಾರೀಕು ತುಂಬುವವನು ಅವನು. ನೈಸರ್ಗಿಕ ಸಂಪನ್ಮೂಲ ಇಲಾಖೆ ಇಂಥ ದಿನಗಳನ್ನು ದಂಡೆಯ ನಿವಾಸಿಗಳಿಂದ ತೆಗೆದುಕೊಳ್ಳುತ್ತದೆ, ಅಲ್ಲಿಗೂ ಕಳಿಸಲಿ.